ಯಾರು ನುಡಿಸಿದ್ದು?

ಹೋದ ತಿಂಗಳು ಮನೆಯವರೆಲ್ಲ ಕೂತು ನಮ್ಮ ಮದುವೆಯ ಹಳೇ ವಿಡಿಯೋ ನೋಡುತ್ತಿದ್ದೆವು. 2004ರ ಮದುವೆ, ತಿಪಟೂರಿನ ಛತ್ರ. ಕ್ಯಾಸೆಟ್‌ನಲ್ಲಿ ಇದ್ದದ್ದನ್ನು ತಮ್ಮ ಕಂಪ್ಯೂಟರಿಗೆ ಹಾಕಿಸಿ ಕಳಿಸಿದ್ದ. ಮಗಳಿಗೆ ಈಗ ಹನ್ನೆರಡು ವರ್ಷ. ಹುಟ್ಟಿ ಬೆಳೆದದ್ದೆಲ್ಲ ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಶಾಲೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ವಿಡಿಯೋದವನು ಕ್ಯಾಮೆರಾ ಒಂದು ಸುತ್ತು ತಿರುಗಿಸಿದ್ದಾನೆ. ಆಗ ಮಂಟಪದ ಪಕ್ಕದ ಮೂಲೆಯಲ್ಲಿ ಕೂತ ವಾಲಗದವರು ಕಾಣುತ್ತಾರೆ. ನಾಲ್ಕೈದು ಸೆಕೆಂಡು, ಅಷ್ಟೇ. ನಾದಸ್ವರದವರು ಕಣ್ಣು ಮುಚ್ಚಿದ್ದಾರೆ. ಕೆನ್ನೆ ಉಬ್ಬಿದೆ. ವಾದ್ಯದಿಂದ ಪೀಪಿಗಳ ಗೊಂಚಲೊಂದು ದಾರದಲ್ಲಿ ನೇತಾಡುತ್ತಿದೆ. ಮಗಳು ತಟ್ಟನೆ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಹಾಕಿದಳು. "ಎಷ್ಟು ಚೆನ್ನಾಗಿ ನುಡಿಸ್ತಿದಾರೆ. ಯಾರಪ್ಪಾ ಇವರು?" ಅಂದಳು.

"ವಾಲಗದವರು" ಅಂದೆ.

"ಸರಿ, ಹೆಸರು?"

ಗೊತ್ತಿರಲಿಲ್ಲ. ಹೆಂಡತಿಯನ್ನು ನೋಡಿದೆ, ಅವಳಿಗೂ ಗೊತ್ತಿಲ್ಲ. ಅಡುಗೆಯವರ ಹೆಸರು ಗೊತ್ತು, ಪುರೋಹಿತರ ಹೆಸರು ಗೊತ್ತು, ಬಸ್ಸಿನ ಡ್ರೈವರ್ ಹೆಸರು ಕೂಡ ನೆನಪಿದೆ. ನನ್ನ ಬದುಕಿನ ಅಷ್ಟು ದೊಡ್ಡ ಗಳಿಗೆಗೆ ಉಸಿರು ಕೊಟ್ಟವರ ಹೆಸರು ಮಾತ್ರ ಗೊತ್ತಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ಎಷ್ಟೋ ವರ್ಷದ ಹಿಂದೆ ಇನ್ನೊಬ್ಬರು ನನಗೆ ಕೇಳಿದ್ದರು. ಆಗಲೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹತ್ತು ನಿಮಿಷ

2008ರ ಜನವರಿ. ಸೌತ್ ಪ್ಲೇನ್‌ಫೀಲ್ಡ್‌ನ ಒಂದು ಗೋಡೌನಿನಲ್ಲಿ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಲಾರಿಗಳಿಗೆ ಲೋಡ್ ಮಾಡಿಸುವ ಉಸ್ತುವಾರಿ ಒಬ್ಬ ಹಿರಿಯರದು. ಕಪ್ಪು ಜನಾಂಗದವರು, ಪಕ್ಕದ ಪ್ಲೇನ್‌ಫೀಲ್ಡ್ ಊರಿನಲ್ಲೇ ಹುಟ್ಟಿ ಬೆಳೆದವರು. ಈ ಬರಹದಲ್ಲಿ ಅವರ ಹೆಸರು ಹಾಕಲಾ ಅಂತ ಫೋನ್ ಮಾಡಿ ಕೇಳಿದೆ. ಬೇಡ ಅಂದರು. "ನಾನು ನುಡಿಸಿದವನಲ್ಲ, ಕೇಳಿದವನು" ಅಂದರು. ಹಾಗಾಗಿ ಹಿರಿಯರು ಅಂತಲೇ ಬರೆಯುತ್ತೇನೆ.

ಆ ದಿನ ಸ್ನೋ ಬಿದ್ದಿತ್ತು. ಸಂಜೆ ಹೊರಗೆ ಬಂದರೆ ನನ್ನ ಕಾರಿನ ಬ್ಯಾಟರಿ ಕೈ ಕೊಟ್ಟಿತ್ತು. ಹಿರಿಯರು "ಬಾ, ಬಿಡ್ತೀನಿ" ಅಂದು ಹತ್ತಿಸಿಕೊಂಡರು. ಮಾತು ಜಾಸ್ತಿ ಇಲ್ಲ. ಸಿಡಿ ಹಾಕಿದರು. ಒಂದು ಗಂಡಸಿನ ದನಿ ಏನೋ ಎರಡು ಮಾತು ಹೇಳಿತು. ಆಮೇಲೆ ಹಿಂದೆ ಒಂದು ಗಿಟಾರ್ ಮೆಲ್ಲಗೆ ಕೆಲವೇ ಸ್ವರಗಳನ್ನು ಸುತ್ತತೊಡಗಿತು. ಅದರ ಮೇಲೆ ಇನ್ನೊಂದು ಗಿಟಾರ್ ಎದ್ದಿತು. ಅದು ಹಾಡುತ್ತಿತ್ತು ಅನ್ನಲಾ, ಅಳುತ್ತಿತ್ತು ಅನ್ನಲಾ? ಸಾವಿನ ಮನೆಯಲ್ಲಿ ಮೊದಲು ಗಟ್ಟಿಯಾಗಿ ಅತ್ತು, ಆಮೇಲೆ ಸುಸ್ತಾಗಿ ಸುಮ್ಮನಾಗಿ, ಏನೋ ನೆನಪಾಗಿ ಮತ್ತೆ ಶುರು ಮಾಡುತ್ತಾರಲ್ಲ, ಹಾಗಿತ್ತು. ನಮ್ಮ ಮನೆ ಬಂತು. ಕಾರು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ನಾನು ಬಾಗಿಲಿಗೆ ಕೈ ಹಾಕಿದೆ. ಅವರು ನನ್ನ ಕಡೆ ನೋಡದೆ ಒಂದು ಬೆರಳು ಎತ್ತಿದರು, 'ಇರು' ಅನ್ನುವ ಹಾಗೆ. ವೈಪರ್ ಆಡುತ್ತಿತ್ತು. ಗಾಜಿನ ಮೇಲೆ ಸ್ನೋ ಬೀಳುವುದು, ಒರೆಸಿ ಹೋಗುವುದು, ಮತ್ತೆ ಬೀಳುವುದು. ಸ್ಟಿಯರಿಂಗ್ ಮೇಲಿದ್ದ ಅವರ ಎಡಗೈ ಬೆರಳು ಮಾತ್ರ ಅಲುಗುತ್ತಿತ್ತು. ಗಿಟಾರಿನ ತಂತಿ ಜಗ್ಗಿದ ಕಡೆಯೆಲ್ಲ ಅವರ ಬೆರಳೂ ಜಗ್ಗುತ್ತಿತ್ತು.

ಮುಗಿದ ಮೇಲೆ ನಾನು "ಯಾರದು ಇದು?" ಅಂತ ಕೇಳಿದೆ. 'ಮ್ಯಾಗಟ್ ಬ್ರೈನ್', ಫಂಕಡೆಲಿಕ್, 1971 ಅಂದರು. ಆ ಬ್ಯಾಂಡಿನ ಹೆಸರು ನನಗೆ ಸ್ವಲ್ಪ ಗೊತ್ತಿತ್ತು. "ಓ, ಜಾರ್ಜ್ ಕ್ಲಿಂಟನ್ ಬ್ಯಾಂಡ್ ಅಲ್ವಾ?" ಅಂದೆ.

"ಜಾರ್ಜ್ ಮಾಡಿಸಿದ್ದು. ನುಡಿಸಿದ್ದು ಯಾರು?"

ನಾನು ಸುಮ್ಮನಿದ್ದೆ. ಅವರು ಎಂಜಿನ್ ಆರಿಸಿದರು. ಆ ಚಳಿಯಲ್ಲಿ ಇಪ್ಪತ್ತು ನಿಮಿಷ, ಆ ಗಿಟಾರ್ ನುಡಿಸಿದ ಎಡ್ಡಿ ಹೇಝಲ್ ಬಗ್ಗೆ ಹೇಳಿದರು. ಕಳೆದುಕೊಂಡ ಮನೆಮಗನ ಬಗ್ಗೆ ಹೇಳುವ ಹಾಗೆ ಹೇಳಿದರು.

ಕಟಿಂಗ್ ಶಾಪ್

ಎಡಿಸನ್‌ನ ಓಕ್ ಟ್ರೀ ರೋಡಿಗೆ ದಿನಸಿ ತರಲು ಹೋಗುವ ನಮ್ಮವರಿಗೆಲ್ಲ ಪ್ಲೇನ್‌ಫೀಲ್ಡ್ ಅಂದರೆ ಹಾದು ಹೋಗುವ ಊರು. ಕಾರಿನಲ್ಲಿ ಹೆಚ್ಚು ದೂರವೇನಲ್ಲ. ನಾನೂ ಮೂರು ವರ್ಷ ಹಾಗೇ ಹಾದು ಹೋಗಿದ್ದೆ. ಆ ಊರಿನ ಒಂದು ಕಟಿಂಗ್ ಶಾಪಿನಿಂದ ಈ ಸಂಗೀತ ಎದ್ದು ಬಂತು ಅಂತ ಗೊತ್ತಾದಾಗ ನನಗೆ ಆಶ್ಚರ್ಯಕ್ಕಿಂತ ಖುಷಿ ಜಾಸ್ತಿ ಆಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಶಾಪಿನ ಹೆಸರು ಸಿಲ್ಕ್ ಪ್ಯಾಲೇಸ್. ನಡೆಸುತ್ತಿದ್ದವರು ಜಾರ್ಜ್ ಕ್ಲಿಂಟನ್. ಗುಂಗುರು ಕೂದಲನ್ನು ಮದ್ದು ಹಚ್ಚಿ ನೇರ ಮಾಡುವುದು ಆ ಕಾಲದ ಫ್ಯಾಷನ್, ಅದೇ ಅಲ್ಲಿಯ ಮುಖ್ಯ ಕೆಲಸ. ಕೂದಲು ನೋಡುತ್ತಲೇ ಹಾಡುತ್ತಿದ್ದರು. ಐದು ಜನರ ಗುಂಪು, ಹೆಸರು ಪಾರ್ಲಿಮೆಂಟ್ಸ್. 1967ರಲ್ಲಿ ಅವರ ಒಂದು ಹಾಡು ಗೆದ್ದಿತು. ಊರೂರಿಗೆ ಹೋಗಿ ಕಾರ್ಯಕ್ರಮ ಕೊಡಬೇಕಾಯಿತು. ಅದಕ್ಕೆ ವಾದ್ಯದವರು ಬೇಕು. ಎಲ್ಲಿಂದ ತರುವುದು? ಶಾಪಿನಲ್ಲೇ ಕೆಲಸಕ್ಕಿದ್ದ ಬಿಲ್ಲಿ ನೆಲ್ಸನ್ ಅನ್ನುವ ಹುಡುಗನನ್ನು ಕರೆದರು. ಅವನು ತನ್ನ ಗೆಳೆಯ ಎಡ್ಡಿಯ ಹೆಸರು ಹೇಳಿದ. ಎಡ್ಡಿಗೆ ಆಗ ಹದಿನೇಳು ವರ್ಷ.

ಅದೇ 1967ರ ಜುಲೈನಲ್ಲಿ ಪಕ್ಕದ ನ್ಯೂಆರ್ಕ್ ಹೊತ್ತಿ ಉರಿಯಿತು. ಎರಡೇ ದಿನದಲ್ಲಿ ಗಲಭೆ ಪ್ಲೇನ್‌ಫೀಲ್ಡಿಗೂ ಬಂತು. ನಮ್ಮ ಹಿರಿಯರಿಗೆ ಆಗ ಒಂಬತ್ತು ವರ್ಷ. ಅಮ್ಮ ಮಕ್ಕಳನ್ನೆಲ್ಲ ಸ್ನಾನದ ತೊಟ್ಟಿಯಲ್ಲಿ ಮಲಗಿಸಿದ್ದರಂತೆ, ಕಿಟಕಿಯಿಂದ ಗುಂಡು ಬಂದರೂ ತಾಗದಿರಲಿ ಅಂತ. ಅವರ ಅಣ್ಣ ಅಲ್ಲಿಯೂ ಬಾಯಲ್ಲಿ ಬೇಸ್ ಗಿಟಾರಿನ ಸದ್ದು ಮಾಡುತ್ತಾ ತಮ್ಮಂದಿರನ್ನು ನಗಿಸುತ್ತಿದ್ದನಂತೆ. ಈ ಸಂಗೀತವನ್ನು ಬರೀ ಕುಣಿಯುವ ಸಂಗೀತ ಅಂತ ಯಾರಾದರೂ ಅಂದರೆ ನನಗೆ ಆ ತೊಟ್ಟಿ ನೆನಪಾಗುತ್ತದೆ.

ಮುಂದೆ ಒಪ್ಪಂದದ ಜಗಳದಲ್ಲಿ ಪಾರ್ಲಿಮೆಂಟ್ಸ್ ಅನ್ನುವ ಹೆಸರೇ ಸ್ವಲ್ಪ ಕಾಲ ಕೈಬಿಟ್ಟುಹೋಯಿತು. ಆಗ ಹಿಂದೆ ನಿಂತು ನುಡಿಸುತ್ತಿದ್ದ ಹುಡುಗರೇ ಮುಂದೆ ಬಂದರು, ಫಂಕಡೆಲಿಕ್ ಆಯಿತು. ರೆಕಾರ್ಡಿಂಗ್ ಎಲ್ಲ ದೂರದ ಡೆಟ್ರಾಯಿಟ್‌ನಲ್ಲಿ. ಎಡ್ಡಿ, ಆ ಕಾಲದ ದೊಡ್ಡ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ದಾರಿಯಲ್ಲಿ ಗಿಟಾರನ್ನು ಕಿರುಚಿಸುತ್ತಿದ್ದ. ಕೆಳಗೆ ಬೇಸ್ ಮತ್ತು ಡ್ರಮ್ ಮಾತ್ರ ಫಂಕ್ ಅನ್ನುವ ಕುಣಿಸುವ ಸಂಗೀತದ ನೆಲ ಬಿಡುತ್ತಿರಲಿಲ್ಲ. ಆ ನೆಲ ಯಾವುದು ಅಂತ ನಮ್ಮವರಿಗೆ ಹೇಳಿಕೊಡುವುದು ಸುಲಭ. ತಾಳದಲ್ಲಿ ಸಮ ಅಂತೀವಲ್ಲ, ಅದು. ಫಂಕ್‌ನ ದೊಡ್ಡ ಗಾಯಕ ಜೇಮ್ಸ್ ಬ್ರೌನ್ ತನ್ನ ವಾದ್ಯದವರಿಗೆ ಹಿಡಿಸಿದ್ದು ಇದನ್ನೇ. ನಡುವೆ ಏನು ಬೇಕಾದರೂ ಮಾಡು, ಎಲ್ಲಿಗೆ ಬೇಕಾದರೂ ಹೋಗು, ಮೊದಲನೇ ಪೆಟ್ಟಿಗೆ ಮಾತ್ರ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ಅವರು ಅದಕ್ಕೆ 'ದಿ ಒನ್' ಅನ್ನುತ್ತಾರೆ. ಜೇಮ್ಸ್ ಬ್ರೌನ್ ಹತ್ತಿರ ಪಳಗಿ ಬಂದ ಬೇಸ್ ಗಿಟಾರಿನ ಬೂಟ್ಸಿ ಕಾಲಿನ್ಸ್ 1972ರಲ್ಲಿ ಈ ಗುಂಪು ಸೇರಿದ ಮೇಲೆ ಇಲ್ಲೂ ಅದೇ ಮಂತ್ರವಾಯಿತು. ನಾನು ಊರಿನಲ್ಲಿ ಆರು ವರ್ಷ ಮೃದಂಗ ಕಲಿತವನು. ಸಂಗೀತ ಬಲ್ಲವರು ಸಮಕ್ಕೆ ತಲೆ ಆಡಿಸುವುದನ್ನು ನೋಡುತ್ತಾ ಬೆಳೆದವನು. ಹಿರಿಯರ ತಲೆ ಅದೇ ಜಾಗದಲ್ಲಿ ಆಡುವುದನ್ನು ಕಂಡಾಗ ಈ ಸಂಗೀತ ನನಗೆ ಪರದೇಶದ್ದು ಅನ್ನಿಸುವುದು ನಿಂತುಹೋಯಿತು.

ಇನ್ನು ಕಟಿಂಗ್ ಶಾಪಿನ ಖುಷಿ ಯಾಕೆ ಅಂದರೆ, ನಮ್ಮ ಬೀದಿಯ ಕಟಿಂಗ್ ಶಾಪಿನ ಗೋಡೆಯ ಮೇಲೂ ಒಂದು ನಾದಸ್ವರ ಇತ್ತು. ಹಳೇ ಸೀರೆಯ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿ, ಕನ್ನಡಿಯ ಪಕ್ಕ, ಮೊಳೆಗೆ ನೇತು ಹಾಕಿರುತ್ತಿದ್ದರು. ನಮ್ಮ ಕಡೆ ಕತ್ತರಿ ಹಿಡಿದ ಮನೆತನಗಳೇ ವಾಲಗವನ್ನೂ ಹಿಡಿದವು, ಎಷ್ಟು ತಲೆಮಾರಿನಿಂದಲೋ. ಮದುವೆ ಕಾಲ ಬಂತೆಂದರೆ ಶಾಪಿಗೆ ಬೀಗ. ಕೂದಲು ಬಿಟ್ಟುಕೊಂಡೇ ನಾವು ಮದುವೆ ಮನೆಗೆ ಹೋದರೆ ಅಲ್ಲಿ ಅವರು ಊದುತ್ತಾ ಕೂತಿರುತ್ತಿದ್ದರು. ಈ ಮಾತನ್ನು ಹಿರಿಯರಿಗೆ ಹೇಳಿದಾಗ ಅವರು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಅವರನ್ನ ಹೇಗೆ ನಡೆಸಿಕೊಳ್ತಿದ್ರಿ?" ಅಂತ ಕೇಳಿದರು. ಮಂಗಳವಾದ್ಯ ಇಲ್ಲದೆ ಮದುವೆ ಆಗುವುದಿಲ್ಲ, ಆದರೆ ಮಂಗಳವಾದ್ಯದವರಿಗೆ ಊಟ ಕೊನೇ ಪಂಕ್ತಿಯಲ್ಲಿ ಅಂದೆ. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ತಾಯಿ

ಎಡ್ಡಿ ಹೇಝಲ್ ಹುಟ್ಟಿದ್ದು 1950ರ ಏಪ್ರಿಲ್ 10ರಂದು, ಬ್ರೂಕ್ಲಿನ್‌ನಲ್ಲಿ. ತಾಯಿ ಗ್ರೇಸ್ ಕುಕ್. ನ್ಯೂಯಾರ್ಕ್‌ನ ಮಾದಕ ವಸ್ತು, ಹೊಡೆದಾಟಗಳಿಂದ ಮಗ ದೂರ ಇರಲಿ ಅಂತಲೇ ಆಕೆ ಪ್ಲೇನ್‌ಫೀಲ್ಡಿಗೆ ಬಂದದ್ದು. ಗಿಟಾರ್ ಬಂದದ್ದು ಕ್ರಿಸ್‌ಮಸ್ ಉಡುಗೊರೆಯಾಗಿ, ಅಣ್ಣನಿಂದ. ಬ್ಯಾಂಡಿಗೆ ಕರೆ ಬಂದಾಗ ತಾಯಿ ಖಡಾಖಂಡಿತವಾಗಿ ಬೇಡ ಅಂದರು. ಹದಿನೇಳರ ಹುಡುಗನನ್ನು ಊರೂರು ಅಲೆಯಲು ಯಾವ ತಾಯಿ ಕಳಿಸುತ್ತಾಳೆ? ಜಾರ್ಜ್ ಮತ್ತು ಬಿಲ್ಲಿ ಇಬ್ಬರೂ ಸೇರಿ ಆಕೆಯನ್ನು ಒಪ್ಪಿಸಬೇಕಾಯಿತು.

ಅದಾಗಿ ಮೂರ್ನಾಲ್ಕು ವರ್ಷಕ್ಕೆ, ಡೆಟ್ರಾಯಿಟ್‌ನ ಸ್ಟುಡಿಯೋದಲ್ಲಿ, ಜಾರ್ಜ್ ಕ್ಲಿಂಟನ್ ಎಡ್ಡಿಗೆ ಒಂದು ಮಾತು ಹೇಳಿದರು. ನಿನ್ನ ತಾಯಿ ತೀರಿಕೊಂಡಳು ಅಂತ ಈಗ ತಾನೇ ಸುದ್ದಿ ಬಂದಿದೆ ಅಂದುಕೊಂಡು ನುಡಿಸು. ಆಮೇಲೆ ಅದು ನಿಜವಲ್ಲ ಅಂತ ತಿಳಿಯಿತು ಅಂದುಕೊಂಡು ನುಡಿಸು. ಈ ಕತೆ ಅಭಿಮಾನಿಗಳ ಬಾಯಲ್ಲಿ ಸಾವಿರ ಸಲ ತಿರುಗಿದೆ. ಕ್ಲಿಂಟನ್ ಅವರೇ ಹೇಳುತ್ತಾ ಬಂದ ಕತೆ. ಹೆಚ್ಚಿನವರು ಮೊದಲ ಅರ್ಧ ಮಾತ್ರ ಹೇಳುತ್ತಾರೆ. ನನಗೆ ಎರಡನೇ ಅರ್ಧವೇ ಮುಖ್ಯ ಅನ್ನಿಸುತ್ತದೆ. ಹತ್ತು ನಿಮಿಷದ ಆ ಗಿಟಾರನ್ನು ಪೂರ್ತಿ ಕೇಳಿ. ಅರ್ಧ ದಾಟಿದ ಮೇಲೆ ಎಲ್ಲೋ ಒಂದು ಕಡೆ ಅಳು ಸಡಿಲವಾಗುತ್ತದೆ. ತಂತಿ ಜಗ್ಗುವುದು ನಿಂತಿಲ್ಲ, ಆದರೆ ಜಗ್ಗುವ ಕೈಯಲ್ಲಿ ಗಾಬರಿ ಇಲ್ಲ. ಸುದ್ದಿ ಸುಳ್ಳಾಯಿತು ಅಂತ ನಂಬಲು ಹೊರಟವನ ಕೈ ಅದು. ನನ್ನ ಅಪ್ಪ ತೀರಿಕೊಂಡ ವರ್ಷ ನಾನು ಇದನ್ನು ದಿನವೂ ಕೇಳುತ್ತಿದ್ದೆ, ಆ ಎರಡನೇ ಅರ್ಧಕ್ಕೋಸ್ಕರ.

ಇನ್ನೊಂದು ವಿಷಯ. ಆ ದಿನ ಎಡ್ಡಿ ಒಬ್ಬನೇ ನುಡಿಸಲಿಲ್ಲ. ಟಿಕಿ ಫುಲ್‌ವುಡ್ ಡ್ರಮ್ ಹೊಡೆದಿದ್ದ. ಬಿಲ್ಲಿ ನೆಲ್ಸನ್ ಬೇಸ್ ಹಿಡಿದಿದ್ದ. ಬ್ಯಾಂಡು ಜೊತೆಗಿತ್ತು. ಕ್ಲಿಂಟನ್ ಮಿಕ್ಸ್ ಮಾಡುವಾಗ ಎಡ್ಡಿಯ ಗಿಟಾರ್ ಕೇಳಿ, ಉಳಿದವರ ಸದ್ದನ್ನು ಹೆಚ್ಚುಕಡಿಮೆ ಪೂರ್ತಿ ಇಳಿಸಿಬಿಟ್ಟರು. ಅದು ಸರಿಯಾದ ನಿರ್ಧಾರ, ಅದರಲ್ಲಿ ಅನುಮಾನವಿಲ್ಲ. ಆದರೆ 2005ರಲ್ಲಿ ಆ ಆಲ್ಬಮ್ ಮತ್ತೆ ಬಿಡುಗಡೆಯಾದಾಗ, ಎಲ್ಲರ ವಾದ್ಯವೂ ಕೇಳಿಸುವ ಇನ್ನೊಂದು ಮಿಕ್ಸನ್ನು ಕೊನೆಗೆ ಸೇರಿಸಿದರು. ಹಿರಿಯರು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನು ಲೋಡಿಂಗ್ ಜಾಗದಲ್ಲಿ ಹಾಕಿದರು. ಫೋರ್ಕ್‌ಲಿಫ್ಟ್ ನಿಲ್ಲಿಸಿ ಹುಡುಗರೆಲ್ಲ ಬಂದರು. ಡ್ರಮ್ ಬಂದ ಕೂಡಲೇ "ಟಿಕಿ" ಅಂದರು ಹಿರಿಯರು. ಬೇಸ್ ಬಂದ ಕೂಡಲೇ "ಬಿಲ್ಲಿ" ಅಂದರು. ಮೂವತ್ತನಾಲ್ಕು ವರ್ಷ ಕೇಳಿಸದೇ ಇದ್ದವರನ್ನು ಹೆಸರು ಹಿಡಿದು ಒಳಗೆ ಕರೆದ ಹಾಗಿತ್ತು. ಟಿಕಿ ಫುಲ್‌ವುಡ್ 1979ರಲ್ಲೇ ತೀರಿಕೊಂಡಿದ್ದ.

ಎಡ್ಡಿಯ ಮುಂದಿನ ಕತೆ ಸುಖದ್ದಲ್ಲ. 1971ರ ಕೊನೆಗೆ ದುಡ್ಡಿನ ವಿಷಯಕ್ಕೆ ಬ್ಯಾಂಡ್ ಬಿಟ್ಟ. ಮತ್ತೆ ಬಂದು 1974ರ ಆಲ್ಬಮ್ಮಿಗೆ ಹಾಡು ಕಟ್ಟಿದ. ಆ ಹಾಡುಗಳ ಕೆಳಗೆ ಬರೆದವರ ಹೆಸರಿನ ಜಾಗದಲ್ಲಿ ಅವನ ಹೆಸರಿಲ್ಲ, ಗ್ರೇಸ್ ಕುಕ್ ಅಂತಿದೆ. ಒಪ್ಪಂದದ ತೊಡಕಿಗೆ ಮಾಡಿಕೊಂಡ ಉಪಾಯ ಅದು. ಆದರೂ ಆ ಹೆಸರು ನೋಡಿದಾಗ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಕಳಿಸಲ್ಲ ಅಂದ ತಾಯಿ, ಸತ್ತಳು ಅಂದುಕೊಂಡು ನುಡಿಸಿದ ತಾಯಿ, ಕೊನೆಗೆ ರೆಕಾರ್ಡಿನ ಮೇಲೆ ಮಗನ ಬದಲಿಗೆ ನಿಂತಿದ್ದಾಳೆ. ಅದೇ ವರ್ಷ ಎಡ್ಡಿ ನಶೆಯಲ್ಲಿ ವಿಮಾನದೊಳಗೆ ಜಗಳ ಮಾಡಿ ಜೈಲಿಗೆ ಹೋದ. 1977ರಲ್ಲಿ ಅವನ ಹೆಸರಿನಲ್ಲೇ ಒಂದು ಆಲ್ಬಮ್ ಬಂತು, ಹೆಚ್ಚು ಜನಕ್ಕೆ ತಲುಪಲಿಲ್ಲ. ಎಷ್ಟೋ ವರ್ಷ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. ಅಭಿಮಾನಿಗಳು ಒಂದೊಂದು ಹಳೇ ಪ್ರತಿಗೂ ಅಲೆದರು. 1992ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ, ಲಿವರ್ ಕೆಟ್ಟು ತೀರಿಕೊಂಡ. ನಲವತ್ತೆರಡು ವರ್ಷ. ಅಂತ್ಯಕ್ರಿಯೆಯಲ್ಲಿ 'ಮ್ಯಾಗಟ್ ಬ್ರೈನ್' ಹಾಕಿದರು.

ಕ್ಲೀವ್‌ಲ್ಯಾಂಡಿನ ಹುಡುಗ

ಎಡ್ಡಿ ಇಲ್ಲದಾಗ ಅವನ ಜಾಗಕ್ಕೆ ಬಂದವನ ಕತೆ ಕೇಳಿದರೆ ಅಭಿಮಾನ ಅಂದರೆ ಏನು ಅಂತ ಗೊತ್ತಾಗುತ್ತದೆ. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಬ್ಯಾಂಡಿನವರು ಒಂದು ಪಾರ್ಟಿಗೆ ಹೋಗಿದ್ದರು. ಅಲ್ಲಿ ಮೈಕಲ್ ಹ್ಯಾಂಪ್ಟನ್ ಅನ್ನುವ ಹದಿನೇಳು ವರ್ಷದ ಹುಡುಗ ಗಿಟಾರ್ ತೆಗೆದುಕೊಂಡು 'ಮ್ಯಾಗಟ್ ಬ್ರೈನ್' ನುಡಿಸಿದ. ಒಂದು ಸ್ವರವೂ ಆಚೀಚೆ ಆಗದ ಹಾಗೆ. ಕೆಲವೇ ವಾರದಲ್ಲಿ ಬ್ಯಾಂಡಿನ ಜೊತೆ ವೇದಿಕೆಯ ಮೇಲಿದ್ದ. ಎಡ್ಡಿ ಬ್ಯಾಂಡ್ ಸೇರಿದ್ದೂ ಅದೇ ವಯಸ್ಸಿಗೆ.

ನಮ್ಮ ಗುರುಗಳು ಪಾಠ ಹೇಳುವಾಗ ಕಾಗದ ಕೊಡುತ್ತಿರಲಿಲ್ಲ. ಕೇಳು, ಹೇಳು, ಮತ್ತೆ ಕೇಳು, ಅಷ್ಟೇ. ಆ ಹುಡುಗನಿಗೆ ಗುರು ಎದುರಿಗೂ ಇರಲಿಲ್ಲ, ಇದ್ದದ್ದು ಒಂದು ರೆಕಾರ್ಡು. ಮುಳ್ಳನ್ನು ಎತ್ತಿ ಹಿಂದಕ್ಕೆ ಇಟ್ಟು, ಎತ್ತಿ ಹಿಂದಕ್ಕೆ ಇಟ್ಟು ಹತ್ತು ನಿಮಿಷದ ಅಳುವನ್ನು ಪೂರ್ತಿ ಕಲಿತಿರಬೇಕು. ಬರೀ ಮೆಚ್ಚುವವನು ಅಷ್ಟು ಮಾಡುವುದಿಲ್ಲ. ಯಾರದೋ ಉಸಿರನ್ನು ತನ್ನೊಳಗೆ ಎಳೆದುಕೊಂಡವನು ಮಾತ್ರ ಮಾಡುತ್ತಾನೆ.

2009ರಲ್ಲಿ ಹಿರಿಯರು ನನ್ನನ್ನು ಮ್ಯಾನ್‌ಹ್ಯಾಟನ್‌ನ ಒಂದು ಕ್ಲಬ್ಬಿಗೆ ಕರೆದುಕೊಂಡು ಹೋದರು. ರಾರಿಟನ್ ವ್ಯಾಲಿ ರೈಲಿನಲ್ಲಿ ಹೋಗಿ, ನ್ಯೂಆರ್ಕ್‌ನಲ್ಲಿ ಬದಲಿಸಿ ಹೋದೆವು. ರೈಲು ಪ್ಲೇನ್‌ಫೀಲ್ಡ್ ಸ್ಟೇಷನ್ ಬಿಡುವಾಗ ಅವರು ಕಿಟಕಿಯ ಆಚೆ ನೋಡುತ್ತಾ ಎಣಿಸಿದರು. ಎಡ್ಡಿ, ಬಿಲ್ಲಿ, ಗ್ಯಾರಿ ಶೈಡರ್, ಕಾರ್ಡೆಲ್ ಮಾಸನ್, ಗ್ಲೆನ್ ಗೋಯಿನ್ಸ್, ಬರ್ನೀ ವೊರೆಲ್. ಎಲ್ಲರೂ ಈ ಒಂದು ಊರಿನ ಬೀದಿಗಳಲ್ಲಿ ಆಡಿದವರು. ಸಣ್ಣ ಊರು ಅದು.

ಕ್ಲಬ್ಬಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಹತ್ತಿರ. ಆಸ್ಪತ್ರೆ ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಎದೆಯ ಮೇಲೆ ಐಡಿ ಕಾರ್ಡ್ ಇನ್ನೂ ಇತ್ತು. ಮುಂದೆ ಇಪ್ಪತ್ತರ ಹುಡುಗರು, ಹಿಪ್ ಹಾಪ್ ದಾರಿಯಿಂದ ಬಂದವರು. 1989ರಲ್ಲಿ ಡಿ ಲಾ ಸೋಲ್ ಅನ್ನುವ ಹಿಪ್ ಹಾಪ್ ಗುಂಪಿನವರು ತಮ್ಮ ದೊಡ್ಡ ಹಾಡಿಗೆ ಫಂಕಡೆಲಿಕ್‌ನ ಹತ್ತು ವರ್ಷ ಹಳೇ ಹಾಡನ್ನೇ ಅಡಿಪಾಯ ಮಾಡಿಕೊಂಡಿದ್ದರು. ಆ ತರಹ ಬೇರು ಹುಡುಕುತ್ತಾ ಬಂದ ಹುಡುಗರು. ವೇದಿಕೆಯ ಮೇಲೆ ಕ್ಲಿಂಟನ್, ಬಣ್ಣಬಣ್ಣದ ಜಡೆ. ಗ್ಯಾರಿ ಶೈಡರ್ ಎಂದಿನಂತೆ ಮಗುವಿನ ಲಂಗೋಟಿ ಸುತ್ತಿಕೊಂಡು ಗಿಟಾರ್ ಹಿಡಿದಿದ್ದರು. ಹಿರಿಯರು ನನ್ನ ಕಿವಿಯಲ್ಲಿ "ನಮ್ಮೂರ ಹುಡುಗ" ಅಂದರು. ಆ ಹುಡುಗನಿಗೆ ಆಗ ಐವತ್ತಾರು. ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ಹೋದರು.

ಗಂಟೆಗಟ್ಟಲೆ ಕುಣಿತ ನಡೆದಿತ್ತು. ಆಮೇಲೆ ಆ ಕೆಲವೇ ಸ್ವರಗಳ ಸುತ್ತು ಶುರುವಾಯಿತು. ಇಡೀ ಕ್ಲಬ್ಬು ನಿಂತಿತು. ಮೈಕಲ್ ಹ್ಯಾಂಪ್ಟನ್ ಮುಂದೆ ಬಂದರು. ಮೊದಲ ಸ್ವರ ಎಳೆದಾಗ ನನ್ನ ಪಕ್ಕದ ಹೆಂಗಸು ಕಣ್ಣು ಮುಚ್ಚಿ ಬಾಯಿ ತೆರೆದರು. ಅವರು ಹಾಡುತ್ತಿದ್ದರು, ಗಿಟಾರಿನ ಜೊತೆ, ಅದೇ ಸ್ವರ, ಅದೇ ಜಾರು. ಈ ಹತ್ತು ನಿಮಿಷದಲ್ಲಿ ಹಾಡುವ ಸಾಲು ಒಂದೂ ಇಲ್ಲ. ಆದರೂ ಸುತ್ತ ನೋಡಿದರೆ ಎಷ್ಟೋ ಜನರ ತುಟಿ ಆಡುತ್ತಿತ್ತು. ಹ್ಯಾಂಪ್ಟನ್ ಎಲ್ಲ ಕಡೆ ಎಡ್ಡಿಯ ಹಾಗೇ ನುಡಿಸಲಿಲ್ಲ. ಮೂವತ್ತೈದು ವರ್ಷದಿಂದ ನುಡಿಸುತ್ತಾ ಅದು ಅವರದೂ ಆಗಿತ್ತು. ಕೆಲವು ಕಡೆ ತಮ್ಮ ದಾರಿ ಹಿಡಿದು ದೂರ ಹೋಗುತ್ತಿದ್ದರು. ಮತ್ತೆ ತಿರುಗಿ ಆ ಹಳೇ ಜಾಗಕ್ಕೆ ಬಂದಾಗ ಜನರ ತುಟಿ ಅಲ್ಲಿ ಕಾಯುತ್ತಿರುತ್ತಿತ್ತು. ಮುಗಿದಾಗ ಒಂದು ಕ್ಷಣ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯರು ಎರಡೂ ಕೈ ಬಾಯಿಗೆ ಒತ್ತಿ ಕೂಗಿದರು: "ಎಡ್ಡೀ!" ಹಿಂದಿನಿಂದ ಯಾರೋ "ಎಡ್ಡೀ!" ಅಂದರು. ವೇದಿಕೆಯ ಮೇಲೆ ಹ್ಯಾಂಪ್ಟನ್ ತಲೆ ಆಡಿಸಿದರು, ಹೌದು ಅನ್ನುವ ಹಾಗೆ. ಆ ಹೊತ್ತಿಗೆ ಎಡ್ಡಿ ಹೋಗಿ ಹದಿನೇಳು ವರ್ಷ ಆಗುತ್ತಾ ಬಂದಿತ್ತು.

ಹೆಸರುಗಳ ಲೆಕ್ಕ

ಒಂದು ಕಾಲದ ಸಂಗೀತ ಹಳೆಯದಾದ ಮೇಲೂ ಜನ ಯಾಕೆ ಹೀಗೆ ಅಂಟಿಕೊಂಡಿರುತ್ತಾರೆ ಅಂತ ಆಗಾಗ ಯೋಚಿಸುತ್ತೇನೆ. ಹರೆಯದಲ್ಲಿ ಕೇಳಿದ್ದು ಕೊನೇ ತನಕ ಸಿಹಿ ಅಂತ ಹೇಳುವುದು ಸುಲಭ. ಅದು ಸ್ವಲ್ಪ ನಿಜವೂ ಇರಬಹುದು. ಆದರೆ ನಾನು ಈ ಸಂಗೀತ ಮೊದಲು ಕೇಳಿದ್ದು ಮೂವತ್ತು ದಾಟಿದ ಮೇಲೆ. ನನಗೆ ಇದರಲ್ಲಿ ಯಾವ ಹರೆಯವೂ ಇಲ್ಲ. ನಾನು ಕಂಡ ಅಭಿಮಾನಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಲೆಕ್ಕ. ಫಂಕ್ ಅನ್ನುವುದು ಗುಂಪಿನ ಸಂಗೀತ. ಹತ್ತು ಹದಿನೈದು ಜನ ಒಟ್ಟಿಗೆ ಸಮಕ್ಕೆ ಬೀಳುವುದೇ ಅದರ ಸೊಗಸು. ಆ ಗುಂಪಿನಲ್ಲಿ ಒಬ್ಬೊಬ್ಬರೂ ಕಳೆದುಹೋಗುವುದು ತುಂಬಾ ಸುಲಭ. ಪೋಸ್ಟರಿನ ಮೇಲೆ ಒಂದೇ ಹೆಸರು, ಹಾಡಿನ ಹಕ್ಕು ಯಾರದೋ, ದುಡ್ಡು ಇನ್ನೆಲ್ಲೋ. ಅಭಿಮಾನಿಗಳು ಅದಕ್ಕೆ ಒಪ್ಪುವುದಿಲ್ಲ. ಪೆಡ್ರೋ ಬೆಲ್ ಪೆನ್ನಿನಲ್ಲಿ ಬಿಡಿಸಿದ ಫಂಕಡೆಲಿಕ್ ಕವರ್‌ಗಳ ಮೂಲೆಮೂಲೆಯ ಅಕ್ಷರವನ್ನೂ ಓದುತ್ತಾರೆ. ಈ ಹಾಡಿನ ಬೇಸ್ ನಿಜಕ್ಕೂ ಬೇಸ್ ಗಿಟಾರಲ್ಲ, ಬರ್ನೀ ಕೀಬೋರ್ಡ್ ಮೇಲೆ ನುಡಿಸಿದ್ದು ಅಂತ ತಿದ್ದುತ್ತಾರೆ. ಇದೇ ಗುಂಪಿನವರು ಪಾರ್ಲಿಮೆಂಟ್ ಅನ್ನುವ ಹೆಸರಿನಲ್ಲಿ ಮಾಡಿದ, 1978ರಲ್ಲಿ ಅಮೆರಿಕದ ಸೋಲ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ 'ಫ್ಲ್ಯಾಶ್ ಲೈಟ್' ಹಾಡಿನ ಮಾತು ಅದು. ಆ ಕೆಳಗಿನ ಸದ್ದು ಕೇಳಿದವರಿಗೆ ಗೊತ್ತು, ಎದೆಗೂಡಿನ ಒಳಗೇ ಹೊರಳಿದ ಹಾಗಿರುತ್ತದೆ.

1997ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಈ ಗುಂಪನ್ನು ಸೇರಿಸಿದಾಗ ಹದಿನಾರು ಹೆಸರು ಸೇರಿಸಿದರು. ಕರೆದು ಪರಿಚಯ ಮಾಡಿಕೊಟ್ಟವರು ಗಾಯಕ ಪ್ರಿನ್ಸ್, ಅವರೂ ಇವರ ಅಭಿಮಾನಿಯೇ. ಹಿರಿಯರು ಆ ಹದಿನಾರನ್ನೂ ಒಂದೇ ಉಸಿರಿಗೆ ಹೇಳುತ್ತಾರೆ, ನಾವು ಚಿಕ್ಕವರಿದ್ದಾಗ ನಕ್ಷತ್ರ ಮಾಸ ಬಾಯಿಪಾಠ ಒಪ್ಪಿಸುತ್ತಿದ್ದ ಹಾಗೆ. ಬರ್ನೀ ವೊರೆಲ್‌ಗೆ ಕ್ಯಾನ್ಸರ್ ಆದಾಗ, 2016ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ವೆಬ್‌ಸ್ಟರ್ ಹಾಲ್‌ನಲ್ಲಿ ಚಿಕಿತ್ಸೆಯ ಖರ್ಚಿಗೆ ಅಂತ ಕಾರ್ಯಕ್ರಮ ಮಾಡಿದರು. ಹಿರಿಯರಿಗೆ ಅಷ್ಟರಲ್ಲಿ ಮಂಡಿ ನೋವು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಆದರೂ ಎರಡು ಟಿಕೆಟ್ ತೆಗೆದುಕೊಂಡರು. ಹೋಗಲಿಲ್ಲ. "ಹೋಗೋಕಲ್ಲ ತಗೊಂಡಿದ್ದು" ಅಂದರು. ಬರ್ನೀ ಆ ಜೂನ್‌ನಲ್ಲಿ ತೀರಿಕೊಂಡರು. ಆ ಟಿಕೆಟ್ ಈಗಲೂ ಹಿರಿಯರ ಫ್ರಿಜ್ಜಿನ ಬಾಗಿಲ ಮೇಲಿದೆ.

ಫೋನು

ಮಗಳು ಕೇಳಿದ ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೂ ಹೆಸರು ಗೊತ್ತಿಲ್ಲ. ಚಿಕ್ಕಪ್ಪ ಒಪ್ಪಿಸಿದ್ದು, ಅವರನ್ನೇ ಕೇಳು ಅಂದಳು. ಚಿಕ್ಕಪ್ಪ ಯಾರನ್ನೋ ಕೇಳಿ, ಅವರು ಇನ್ನಾರನ್ನೋ ಕೇಳಿ, ಹತ್ತು ದಿನಕ್ಕೆ ಒಂದು ನಂಬರ್ ಬಂತು. ಅರಸೀಕೆರೆ ಹತ್ತಿರದ ಹಳ್ಳಿ. ನನಗೆ ರಾತ್ರಿ ಒಂಬತ್ತೂವರೆ, ಅಲ್ಲಿ ಬೆಳಿಗ್ಗೆ ಏಳು. ಫೋನ್ ಎತ್ತಿದ್ದು ಮಗ. ಹಾಸನದಲ್ಲಿ ಸಲೂನ್ ಇಟ್ಟಿದ್ದಾನಂತೆ, ಹಬ್ಬಕ್ಕೆ ಅಂತ ಊರಿಗೆ ಬಂದಿದ್ದ. "ಹೇಳಿ ಸಾರ್, ಮದುವೆ ಯಾವಾಗ? ಅಪ್ಪ ಈಗ ಊದಲ್ಲ, ಉಸಿರು ಸಾಲಲ್ಲ. ಬೇರೆಯವರನ್ನ ಗೊತ್ತು ಮಾಡ್ಕೊಡ್ತೀನಿ" ಅಂದ.

ಮದುವೆ ಆಗಿ ಇಪ್ಪತ್ತು ವರ್ಷದ ಮೇಲಾಯಿತು, ಅವರ ಹೆಸರು ತಿಳಿಯಬೇಕು ಅಂತ ಫೋನ್ ಮಾಡಿದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಅವನು ಹೆಸರು ಹೇಳಿದ. ಆಮೇಲೆ ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ಒಳಗೆ ಯಾರಿಗೋ ಗಟ್ಟಿಯಾಗಿ ವಿವರಿಸುವುದು ಕೇಳಿಸಿತು. ನಾನು ಮುಹೂರ್ತಕ್ಕೆ ಮುಂಚೆ ಊದಿದ್ದು ಯಾವ ರಾಗ ಅಂತ ಕೇಳಲು ಹೇಳಿದೆ. ದೂರದಿಂದ ಒಂದು ಕೆಮ್ಮು. "ಆನಂದಭೈರವಿ ಇರಬೇಕು ಅಂತಿದಾರೆ ಸಾರ್. ಆ ಹೊತ್ತಿಗೆ ಅದನ್ನೇ ಊದ್ತಿದ್ದರಂತೆ." ವಿಡಿಯೋದಲ್ಲಿ ಅದೇ ಇತ್ತು. ಮಗಳು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ತುಂಬಾ ಥ್ಯಾಂಕ್ಸ್ ಅಂತ ಹೇಳಿ ಇಡುವುದರಲ್ಲಿದ್ದೆ. "ಒಂದ್ನಿಮಿಷ ಸಾರ್" ಅಂದ. ಒಳಗಿನಿಂದ ಮುದುಕರ ದನಿ ಈಗ ಹತ್ತಿರವಾಗಿತ್ತು. ಎದ್ದು ಬಂದಿರಬೇಕು.

"ಅಪ್ಪ ಕೇಳ್ತಿದಾರೆ, ಡೋಲು ಹೊಡೆದವರ ಹೆಸರು ಬರ್ಕೊಂಡ್ರಾ ಅಂತ."

ಪೆನ್ನು ತಾ ಅಂತ ಮಗಳಿಗೆ ಸನ್ನೆ ಮಾಡಿದೆ.